ಪಾಟೀಸವಾಲು ಉಳಿಸಿದ ಜೀವ

1954ನೇ ಇಸವಿಯ ಒಂದು ಭಾನುವಾರ, ಸಂಜೆ ಐದೂವರೆ. ಬಿ.ಎ. ಮುಗಿಸಿ ಹುಣಸೂರಿನಲ್ಲಿ ಮೇಷ್ಟರಾಗಿದ್ದ ನಾನು ಕಂಪಲಾಪುರದ ಅಕ್ಕನ ಮನೆಯಿಂದ ಸೈಕಲ್ಲಿನಲ್ಲಿ ಹಿಂತಿರುಗುತ್ತಿದ್ದೆ. ಕೆರೆಯ ತೂಬಿನ ಬಳಿ ನೀರಿನ ಸರದಿಗಾಗಿ ಇಬ್ಬರು ಜಗಳವಾಡುತ್ತಿದ್ದರು. ನೋಡುನೋಡುತ್ತಿದ್ದಂತೆ ಸಿದ್ದೇಗೌಡ ಎಂಬಾತ ಮಚ್ಚು ಬೀಸಿದ. ಇನ್ನೊಬ್ಬ ಮತ್ತೆ ಏಳಲಿಲ್ಲ. ಕಂಡವನು ನಾನೊಬ್ಬನೇ.

ಕೇಸು ಸೆಷನ್ಸ್ ಕೋರ್ಟಿಗೆ ಹೋಗುವ ಮೊದಲು ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಯಾಯಿತು. ಕಂಡದ್ದನ್ನು ಹೇಳಿದೆ. ಆರೋಪಿಯ ವಕೀಲರು ಪಾಟೀಸವಾಲಿಗೆ ಎದ್ದರೆ, "ಅದನ್ನೆಲ್ಲ ಸೆಷನ್ಸಿನಲ್ಲಿ ಕೇಳಿಕೊಳ್ಳಿ" ಎಂದು ಮ್ಯಾಜಿಸ್ಟ್ರೇಟರು ತಡೆದರು. ಸದ್ಯ ಬದುಕಿದೆ ಎಂದುಕೊಂಡೆ. ಈ ತಡೆಯನ್ನು ಪ್ರಶ್ನಿಸಿ ವಕೀಲರು ಬೆಂಗಳೂರಿನ ಹೈಕೋರ್ಟಿಗೆ ಹೋದರು.

ಅಂದಿನಿಂದ ಸಿದ್ದೇಗೌಡನ ಅಣ್ಣ ದಿನಾ ಶಾಲೆಯ ಗೇಟಿನಲ್ಲಿ ನಿಲ್ಲತೊಡಗಿದ. "ಮೇಷ್ಟ್ರೇ, ಬ್ರೇಕು ಸರಿಯಾಗೈತಾ? ರೋಡು ಸರಿಯಿಲ್ಲ ಕಣ್ರೀ" ಎಂದು ನಗುತ್ತಿದ್ದ. ಒಂದು ಸಂಜೆ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಎತ್ತಿನಗಾಡಿಯೊಂದು ನನ್ನ ಮೇಲೇ ನುಗ್ಗಿತು. ಹಾರಿ ತಡೆಗೋಡೆಗೆ ಅಂಟಿಕೊಂಡೆ. ಚಕ್ರದಡಿ ಸೈಕಲ್ಲು ನಜ್ಜುಗುಜ್ಜಾಯಿತು. "ಇವತ್ತು ಸೈಕಲ್ಲು ಕಣ್ಲಾ!" ಎಂದು ಗಾಡಿಯಿಂದ ಯಾರೋ ಕೂಗಿದರು.

"ಕಂಡಿಲ್ಲ ಅಂದ್ಬುಡಿ" ಎಂದು ಹೆಂಡತಿ ಅತ್ತಳು.

"ಕಂಡಿದೀನಲ್ಲೇ" ಎಂದೆ. ಇಬ್ಬರಿಗೂ ನಿದ್ದೆ ಹಾರಿಹೋಯಿತು.

ಅಷ್ಟರಲ್ಲಿ ಹೈಕೋರ್ಟಿನ ತೀರ್ಪು ಬಂತು. ಸಾಕ್ಷಿಯನ್ನು ಈ ಹಂತದಲ್ಲೇ ಪ್ರಶ್ನಿಸುವ ಹಕ್ಕು ಆರೋಪಿಗಿದೆ, ತಡೆದದ್ದು ತಪ್ಪು. ಮತ್ತೆ ಕಟಕಟೆ ಹತ್ತಬೇಕಲ್ಲ!

"ಕನ್ನಡಕ ತೆಗೀರಿ ಮೇಷ್ಟ್ರೇ. ಬಾಗಿಲಲ್ಲಿ ನಿಂತಿರೋರು ಯಾರು?" ಎಂದರು ಆರೋಪಿಯ ವಕೀಲರು, ಮತ್ತೆ ಅದೇ ಮ್ಯಾಜಿಸ್ಟ್ರೇಟರ ಮುಂದೆ.

"ಕಾಣಿಸೋದಿಲ್ಲ."

"ಅವತ್ತು ಹಾಕಿದ್ರಾ?"

"ಹಾಕದೇ ಸೈಕಲ್ಲೇ ಹತ್ತೋದಿಲ್ಲ ಸ್ವಾಮಿ."

ಕೋರ್ಟೇ ನಕ್ಕಿತು. ಮಧ್ಯಾಹ್ನದವರೆಗೂ ಕೇಳಿದರು. ಕಂಡದ್ದನ್ನು ಕಂಡೆ ಎಂದೆ, ಕಾಣದ್ದನ್ನು ಇಲ್ಲ ಎಂದೆ.

ಹೊರಗೆ ಬಂದ ಆ ವಕೀಲರು ನನ್ನೆದುರೇ ಸಿದ್ದೇಗೌಡನ ಅಣ್ಣನನ್ನು ಕರೆದರು. "ಇವರ ತಂಟೆ ಇಲ್ಲಿಗೆ ಬಿಡಪ್ಪ. ನಾನು ಕೇಳೋದೆಲ್ಲ ಕೇಳಿ ಆಯ್ತು. ಪಾಟೀಸವಾಲು ಆಗದ ಹೇಳಿಕೆ ಸಾಕ್ಷಿ ಸತ್ರೆ ನಿಲ್ಲೋದಿಲ್ಲ, ಆದದ್ದು ನಿಲ್ಲುತ್ತೆ. ನಾಳೆ ಇವರು ಇಲ್ಲದಿದ್ರೂ ಈ ಹೇಳಿಕೆಯನ್ನ ಸೆಷನ್ಸಿನಲ್ಲಿ ಓದ್ತಾರೆ."

"ಅಂಗಾರೆ ಇವ್ರು ಇದ್ರೂ ಒಂದೇ, ಸತ್ರೂ ಒಂದೇನಾ ಸ್ವಾಮಿ?"

"ಒಂದೇ. ಸತ್ತರೆ ಮಾತ್ರ ನೀನೂ ತಮ್ಮನ ಪಕ್ಕ ನಿಲ್ತೀಯ."

ಆತ ನನ್ನನ್ನೊಮ್ಮೆ ನೋಡಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪಾಟೀಸವಾಲು ಆಗದೇ ಹೋಗಿದ್ದರೆ ನನ್ನ ಸಾಕ್ಷಿ ನನ್ನ ಜೊತೆಗೇ ಸಾಯುತ್ತಿತ್ತು ಎಂಬುದು ನನಗೆ ಹೊಳೆದದ್ದೇ ಆಗ.

ಈಗಲೂ ಹಿಂದೆ ಗಾಡಿಯ ಸದ್ದಾದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತೇನೆ. ಎದುರು ಪಕ್ಷದ ಆ ವಕೀಲರನ್ನೂ ನನ್ನ ಮುಖವನ್ನೇ ಕಾಣದ ಹೈಕೋರ್ಟಿನ ನ್ಯಾಯಾಧೀಶರನ್ನೂ ನೆನೆದು ಕೈಮುಗಿಯುತ್ತೇನೆ. ಪಾಟೀಸವಾಲು ಮುಗಿದ ಆ ದಿನ ಗುರುವಾರ. ಆ ರಾತ್ರಿ ದೀಪ ಆರಿಸಿ ಮಲಗಿದ ನಮಗಿಬ್ಬರಿಗೂ ಎಚ್ಚರವಾದದ್ದು, ಬೆಳಿಗ್ಗೆ ಹಾಲಿನವಳು ಬಾಗಿಲು ಬಡಿದಾಗಲೇ.