ಚಾಚಿ ಹತ್ತಿದ ಗುಡ್ಡ

ಮೊನ್ನೆ ಮೊಣಕಾಲು ನೋವಿಗೆಂದು ನೀಲಗಿರಿ ಎಣ್ಣೆಯ ಬಾಟಲಿ ಬಿಚ್ಚಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ದಾಂಡೇಲಿಯ ನಮ್ಮ ಹಳೆಯ ಓಣಿ, ಪಕ್ಕದ ಮನೆಯ ಚಾಚಿ, ಆ ಗುಡ್ಡ... ಎಲ್ಲ ಒಟ್ಟಿಗೇ ನುಗ್ಗಿ ಬಂದವು.

ಚಾಚಿಯ ಗಂಡನಿಗೆ ಲಾರಿ ರಿಪೇರಿಯ ಗ್ಯಾರೇಜಿತ್ತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ರಜೆ ಸಿಕ್ಕರೆ ಗೆಳತಿಯರ ಜೊತೆ ಜೊಯಿಡಾದ ಕಾಡಿಗೆ ಚಾರಣ. ಹುಲಿಗಳ ರಕ್ಷಿತಾರಣ್ಯವಾದ್ದರಿಂದ ಅನುಮತಿ ಪಡೆದು, ಫಾರೆಸ್ಟ್ ಗಾರ್ಡ್ ಜೊತೆಗೇ ಹೋಗಬೇಕಿತ್ತು. ಒಂದು ಸಂಜೆ ನಾನು ಬೂಟಿನ ಕೆಸರು ತೊಳೆಯುತ್ತಿದ್ದಾಗ ಚಾಚಿ ಬಂದು ಕಟ್ಟೆಯ ಮೇಲೆ ಕೂತರು.

“ಎಲ್ಲೆಲ್ಲಿಂದೋ ಮಂದಿ ಬಂದು ನಮ್ಮ ಅಡವಿ ನೋಡಿ ಹೋಗ್ತಾರ. ನಾ ಇಲ್ಲೇ ಹುಟ್ಟಿ ಒಂದ ಗುಡ್ಡಾನೂ ಹತ್ತಿಲ್ಲ. ಈ ಸಲ ನನ್ನೂ ಕರ್ಕೊಂಡ ಹೋಗ ಬೇಟಿ.”

ಪಕ್ಕದ ಮನೆಯೊಳಗಿಂದ ಚಾಚಾ ನಕ್ಕರು. “ಆ ಮೊಣಕಾಲ ತಗೊಂಡು ಗುಡ್ಡ ಹತ್ತತೀಯೇನ?”

“ನೀವು ಲಾರಿ ನೋಡ್ಕೋರಿ. ಮೊಣಕಾಲ ನಾ ನೋಡ್ಕೋತೇನಿ!”

ಮುಂದಿನ ರಜೆಯಲ್ಲಿ ಜೊಯಿಡಾದ ಕುಂಬಾರವಾಡ ಊರಿನಾಚೆ ಬೆಳಿಗ್ಗೆಯೇ ಹತ್ತತೊಡಗಿದೆವು. ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಚಿ ಎಲ್ಲರಿಗಿಂತ ಮುಂದೆ. ಏರು ಕಡಿದಾದಾಗ ಮಾತ್ರ ಏದುಸಿರು ಬಿಡುತ್ತ ಬಂಡೆಯೊಂದಕ್ಕೆ ಒರಗಿದರು. ಮುಖ ಬಿಳಿಚಿಕೊಂಡಿತ್ತು. ನನಗೆ ದಿಗಿಲಾಯಿತು. ಗಾರ್ಡ್ ಇಳಿದುಬಿಡೋಣ ಎಂದರು. ಚಾಚಿ ಬೇಡವೆಂದು ತಲೆಯಾಡಿಸಿದರು. ಉಸಿರು ಹದಕ್ಕೆ ಬಂದದ್ದೇ ಎದ್ದು ನಿಂತರು.

ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಗಾರ್ಡ್ ಕೈಯೆತ್ತಿದರು. ದಾರಿಯ ನಡುವೆ ಕಾಡುಕೋಣ! ಬಿಸಿಲಿಗೆ ಮಿರುಗುವ ಕಪ್ಪು ಮೈ, ಬಿಳಿ ಕಾಲುಚೀಲ ಹಾಕಿದಂಥ ಕಾಲುಗಳು. ಅದು ನಮ್ಮನ್ನೇ ದಿಟ್ಟಿಸಿತು. ಚಾಚಿ ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು. ಒಮ್ಮೆ ಬುಸ್ಸೆಂದು, ಪೊದೆ ಮುರಿದುಕೊಂಡು ಅದು ಧಡಧಡನೆ ಇಳಿದುಹೋಯಿತು. ಕಾಲ ಕೆಳಗಿನ ನೆಲ ಅದುರಿತು.

“ಯಾ ಅಲ್ಲಾ! ನಮ್ಮ ಗ್ಯಾರೇಜಿನ್ಯಾಗ ಇಂಥಾದ್ದ ಒಂದೂ ಲಾರಿ ಇಲ್ಲ!” ಎಂದರು ಚಾಚಿ. ಎಲ್ಲರೂ ನಕ್ಕು ನಕ್ಕು ನೆಲಕ್ಕೆ ಕೂತೆವು.

ತುದಿ ಮುಟ್ಟಿದಾಗ ಕಣಿವೆಯ ತುಂಬ ಮಂಜು. ಅದು ಚದುರುತ್ತಿದ್ದಂತೆ ಹಾರ್ನ್‌ಬಿಲ್ ಜೋಡಿಯೊಂದು ರೆಕ್ಕೆ ಸದ್ದು ಮಾಡುತ್ತ ನಮ್ಮ ಕಾಲ ಕೆಳಗೇ ತೇಲಿ ಹೋಯಿತು. ಚಾಚಿ ಮಗುವಿನಂತೆ ಚಪ್ಪಾಳೆ ತಟ್ಟಿದರು.

“ಇಷ್ಟ ವರ್ಷ ಕೆಳಗಿಂದ ಹಕ್ಕಿ ಹೊಟ್ಟಿ ಅಷ್ಟ ನೋಡಿದ್ದೆ ಬೇಟಿ. ಬೆನ್ನ ಇವತ್ತ ನೋಡಿದೆ.”

ಮರುವರ್ಷದ ಮಳೆಗಾಲದಲ್ಲಿ ಚಾಚಿ ಹಾಸಿಗೆ ಹಿಡಿದರು. ನೋಡಲು ಹೋದವರಿಗೆಲ್ಲ ಕಾಡುಕೋಣದ ಕಥೆಯೇ... ಹೇಳಿದಷ್ಟೂ ಅದು ದೊಡ್ಡದಾಗುತ್ತಿತ್ತು. ಮಳೆ ನಿಲ್ಲುವ ಮೊದಲೇ ಅವರು ಹೋಗಿಬಿಟ್ಟರು.

ನಿನ್ನೆ ಬಸ್ಸಿನ ಕಿಟಕಿಯಿಂದ ಆ ಗುಡ್ಡ ಕಂಡಿತು. ತಡೆಯಲಾರದೆ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಚಾಚಿ ಹತ್ತಿದ ಕಥೆಯನ್ನೆಲ್ಲ ಹೇಳಿದೆ.

“ಗಟ್ಟಿ ಹೆಂಗಸು ಬಿಡ್ರಿ. ಈಗ ಎಲ್ಲಿರ್ತಾರ್ರಿ?” ಎಂದಳು ಆಕೆ.

“ಈಗಿಲ್ರಿ” ಎಂದೆ. ಆಮೇಲೆ ಗುಡ್ಡ ಮರೆಯಾಗುವವರೆಗೂ ಇಬ್ಬರೂ ಅತ್ತಲೇ ನೋಡುತ್ತ ಕೂತೆವು.