ಹನ್ನೊಂದು ಮೊಂಡ ಚಾಕುಗಳು

ನನಗೆ ಚಾಕು ಕೊಳ್ಳಲು ಬರುವುದಿಲ್ಲ. ಇದನ್ನು ಇಷ್ಟು ದಿನ ಯಾರೆದುರಿಗೂ ಒಪ್ಪಿಕೊಂಡಿರಲಿಲ್ಲ. ಸೀರೆಯ ಸೆರಗು ಮುಟ್ಟಿ ನೂಲು ಎಂಥದೆಂದು ಹೇಳಬಲ್ಲೆ, ಬದನೆಕಾಯಿಯ ತೊಟ್ಟು ನೋಡಿ ಒಳಗಿನ ಹುಳ ಹೇಳಬಲ್ಲೆ, ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಹುಡುಗರ ಮುಖ ನೋಡಿ ಯಾರು ಮನೆಗೆಲಸ ಮಾಡಿಲ್ಲ ಎಂಬುದನ್ನೂ ಹೇಳಬಲ್ಲೆ. ಆದರೆ ಚಾಕುವಿನ ಮುಖ ನೋಡಿ ಅದರ ಗುಣ ಹೇಳಲು ಮಾತ್ರ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಹನ್ನೊಂದು ಚಾಕು ತಂದೆ. ಹನ್ನೊಂದೂ ಕೆಟ್ಟವು.

ಮೊದಲನೆಯದನ್ನು ಒಂದು ವಸ್ತು ಪ್ರದರ್ಶನದಲ್ಲಿ ಕೊಂಡೆ. ಹಿಡಿಕೆಯಷ್ಟೇ ಅಲ್ಲ, ಅಲಗಿಗೂ ಗಿಳಿಹಸಿರು ಬಣ್ಣ. ಟೊಮ್ಯಾಟೊ ಮೇಲೆ ಇಟ್ಟರೆ ಸಿಪ್ಪೆಯ ಮೇಲಿಂದ ಜಾರಿ ನೇರ ನನ್ನ ಬೆರಳಿಗೆ ಬಂತು. ಟೊಮ್ಯಾಟೊ ಕೊಯ್ಯಲಾಗದ ಚಾಕು ಬೆರಳನ್ನು ಅಷ್ಟು ಸಲೀಸಾಗಿ ಹೇಗೆ ಕೊಯ್ಯುತ್ತದೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಇನ್ನೊಂದನ್ನು ನಮ್ಮ ಮನೆಯವರು ಟಿವಿ ನೋಡಿ ತರಿಸಿದರು. ಟಿವಿಯಲ್ಲಿ ಒಬ್ಬ ಅದರಿಂದ ಚಪ್ಪಲಿಯನ್ನೇ ಕೊಯ್ದು ತೋರಿಸಿದ್ದನಂತೆ. ನಮ್ಮ ಮನೆಯಲ್ಲಿ ಚಪ್ಪಲಿ ಪಲ್ಯ ಮಾಡುವ ಪದ್ಧತಿ ಇಲ್ಲ. ಬೆಂಡೆಕಾಯಿ ಮೇಲೆ ಆಡಿಸಿದರೆ ಗರಗಸದ ಹಾಗೆ ಹಲ್ಲು ಹಚ್ಚಿ, ಬಿಲ್ಲೆಗೆ ಬದಲು ನಾರು ಕೊಟ್ಟಿತು. ಮತ್ತೊಂದಕ್ಕೆ ಪೊಳ್ಳು ಹಿಡಿಕೆ. ತೊಳೆದ ನೀರು ಅದರೊಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು. ಉಳ್ಳಾಗಡ್ಡಿ ಹೆಚ್ಚುವಾಗ ನಾನು ಅಳುವುದಕ್ಕೆ ಮೊದಲೇ ಅದು ಹನಿ ಹನಿಯಾಗಿ ಅಳುತ್ತಿತ್ತು. ಹನ್ನೊಂದನೆಯದನ್ನು ತಂದು ಇನ್ನೂ ಎರಡು ತಿಂಗಳಾಗಿಲ್ಲ. ಮೊನ್ನೆ ಕುಂಬಳಕಾಯಿಯ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕುಂಬಳಕಾಯಿ ಸಮೇತ ಎತ್ತಿ ಕಟ್ಟೆಗೆ ಕುಟ್ಟಬೇಕಾಯಿತು.

ಚಾಕುವಿನ ಹರಿತವಾದ ಅಂಚಿಗೆ ನಮ್ಮವರು ಬಾಯಿ ಎನ್ನುತ್ತಾರೆ. ಹಳೆಯ ಕನ್ನಡದಲ್ಲಿ ಕತ್ತಿಯ ಅಂಚಿಗೆ ಬಾಯಿಧಾರೆ ಎಂಬ ಮಾತೇ ಇದೆ. ಮೊಂಡಾದರೆ ‘ಬಾಯಿ ಹೋಗೈತಿ’ ಎನ್ನುತ್ತೇವೆ. ಮನುಷ್ಯರದ್ದಾದರೆ ವಯಸ್ಸಾದಂತೆ ಹಲ್ಲು ಹೋಗುತ್ತದೆ, ಬಾಯಿ ಮಾತ್ರ ಇನ್ನೂ ಹರಿತವಾಗುತ್ತದೆ. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ನನ್ನ ಬಾಯಿ ಒಮ್ಮೆ ಎಷ್ಟು ಹರಿತವಾಗಿತ್ತೆಂದರೆ, ಆಮೇಲೆ ಕೊಂಡ ಹನ್ನೊಂದು ಚಾಕುಗಳೂ ಅದರ ಮುಂದೆ ಏನೂ ಅಲ್ಲ.

ಆ ಕತೆ ಹೇಳಿಬಿಡುತ್ತೇನೆ. ಈಗಿರುವ ರಾಮತೀರ್ಥ ನಗರಕ್ಕೆ ಬರುವ ಮೊದಲು ನಾವು ಹದಿನಾಲ್ಕು ವರ್ಷ ಇದೇ ಊರಿನ ನೇಕಾರರ ಓಣಿ ಖಾಸಬಾಗದಲ್ಲಿದ್ದೆವು. ಒಬ್ಬನೇ ಮಾಲೀಕನ ಎರಡು ಮನೆ, ನಡುವೆ ಒಂದು ಗೋಡೆ. ಹಿತ್ತಲಿಗೆ ಬಂದರೆ ಆ ಗೋಡೆ ಸೊಂಟದೆತ್ತರ ಅಷ್ಟೇ. ಆಚೆ ಬದಿಗೆ ಶಾಲಿನಿ ವೈನಿ ಇದ್ದರು. ವೈನಿ ಎಂದರೆ ಅತ್ತಿಗೆ, ನಾನು ಹಾಗೇ ಕರೆಯುತ್ತಿದ್ದೆ. ಮರಾಠಿ ಮನೆಮಾತಿನವರು, ತವರು ನಂದಗಡ, ಗಂಡನ ಊರು ಖಾನಾಪುರ. ಅವರ ಯಜಮಾನರು ಟೇಲರ್. ವೈನಿ ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರಿಗೆ ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ ಬರುತ್ತಿತ್ತು. ನನ್ನ ಮರಾಠಿ ಹದಿನಾಲ್ಕು ವರ್ಷವಾದರೂ ಸುಧಾರಿಸಲಿಲ್ಲ ಎಂದರೆ ನಮ್ಮಿಬ್ಬರದು ಹೇಗಿತ್ತೆಂದು ತಿಳಿಯಿರಿ.

ಒಮ್ಮೆ ಅವರ ಜೊತೆ ನಂದಗಡದ ಸಂತೆಗೆ ಹೋಗಿದ್ದೆ. ಅಲ್ಲೊಬ್ಬ ಮುದುಕ ಕಂಬಾರ ಹಳೇ ಲಾರಿಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿಯ ಕಬ್ಬಿಣ ಬಡಿದು ಕುಡಗೋಲು, ಚಾಕು ಮಾಡುತ್ತಿದ್ದ. ‘ಎರಡು ಚಾಕು ಮಾಡಿ ಕೊಡಪಾ’ ಎಂದೆವು. ‘ಕಬ್ಬಣ ಒಂದಕ್ಕಷ್ಟ ಐತ್ರಿ. ಇನ್ನೊಂದು ಬರೂ ಸಂತಿಗೆ ಒಯ್ಯಾಕ ಬರ್ರಿ’ ಎಂದ. ಆಮೇಲೆ ‘ಯಾರ ಕೈಯಾಗ ಇರೂದು?’ ಎಂದು ಕೇಳಿದ. ಇಬ್ಬರೂ ಕೈ ಚಾಚಿದೆವು. ಎರಡೂ ಅಂಗೈಗಳನ್ನು ನೋಡಿ ಸ್ವಲ್ಪ ಯೋಚಿಸಿ, ಮಾವಿನ ಕಟ್ಟಿಗೆಯ ಹಿಡಿಕೆಯನ್ನು ಇಬ್ಬರಿಗೂ ಒಪ್ಪುವಂತೆ ಕೆತ್ತಿ ಕೂರಿಸಿದ. ಮುಂದಿನ ಸಂತೆಗೆ ನಾವು ಹೋಗಲೇ ಇಲ್ಲ. ಒಂದೇ ಚಾಕು ಎರಡು ಮನೆಗೆ ಸಾಕಾಯಿತು.

ಅದು ಇರುತ್ತಿದ್ದುದು ಆ ಗಿಡ್ಡ ಗೋಡೆಯ ಮೇಲೆ. ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಇಬ್ಬರೂ ಗೋಡೆಯ ಆಚೀಚೆ ತರಕಾರಿ ಹಿಡಿದು ಕೂರುತ್ತಿದ್ದೆವು. ಓಣಿಯ ಮಗ್ಗಗಳ ಖಟಪಟದಲ್ಲಿ ಸ್ವಲ್ಪ ದನಿ ಎತ್ತಿಯೇ ಮಾತಾಡಬೇಕಿತ್ತು. ಚಾಕು ಒಂದೇ ಆದ್ದರಿಂದ ಒಬ್ಬರು ಹೆಚ್ಚುವಾಗ ಇನ್ನೊಬ್ಬರ ಕೈ ಖಾಲಿ. ಖಾಲಿ ಕೈಯವರು ಮಾತಾಡುವುದು ರೂಢಿಯಾಯಿತು. ನನ್ನ ಮುಖ್ಯಾಧ್ಯಾಪಕರ ಕಿರಿಕಿರಿ, ವೈನಿಯ ಅತ್ತೆಯ ಮೊಣಕಾಲು ನೋವು, ನನಗೆ ಎರಡನೇ ಸಲವೂ ಬಸಿರು ನಿಲ್ಲದೆ ಹೋದದ್ದು, ಎಲ್ಲವೂ ಹೀರೇಕಾಯಿಯ ಸಿಪ್ಪೆಯ ಜೊತೆಗೇ ಆ ಗೋಡೆಯ ಮೇಲೆ ಬಿದ್ದಿವೆ. ಸೋಮವಾರಕ್ಕೊಮ್ಮೆ ವೈನಿ ಮೆಟ್ಟಿಲ ಕಲ್ಲಿಗೆ ನೀರು ಹನಿಸಿ ಚಾಕು ಮಸೆಯುತ್ತಿದ್ದರು. ಆಮೇಲೆ ನನ್ನ ಶಾಲೆಯ ಹಳೇ ಉತ್ತರ ಪತ್ರಿಕೆಯೊಂದನ್ನು ಗಾಳಿಯಲ್ಲಿ ಹಿಡಿದು ಸೀಳಿ ನೋಡುತ್ತಿದ್ದರು. ಎಂಟು ಅಂಕದ ಉತ್ತರ ಎರಡು ನಾಲ್ಕಾಗಿ ನೆಲಕ್ಕೆ ಬೀಳುತ್ತಿತ್ತು.

ಮಾಲೀಕ ಎರಡೂ ಮನೆ ಮಾರಿದ. ನಾವು ಇಲ್ಲಿಗೆ, ಅವರು ಖಾನಾಪುರಕ್ಕೆ. ಒಂದೇ ದಿನ ಎರಡು ಟೆಂಪೋ ಬಂದವು. ನಮ್ಮ ಮನೆಯವರು ಹೊಸ ಮನೆಯ ಬೀಗ ತೆಗೆಯಲು ಮುಂದೆ ಹೋಗಿದ್ದರು. ಹೊರಡುವ ಮೊದಲು ಗೋಡೆಯ ಮೇಲೆ ನೋಡಿದರೆ ಚಾಕು ಇಲ್ಲ. ನಾನು ಆಗ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಇದು ನೆವ ಎಂದು ನನಗೂ ಗೊತ್ತು.

‘ವೈನಿ, ನಿಮ್ಮ ಗಂಟಿನ್ಯಾಗ ಸೇರೇತೇನು ನೋಡ್ರಿ’ ಎಂದೆ.

‘ಇಲ್ಲ ಗಿರಿಜಾ, ನಾ ಕಟ್ಟಿಲ್ಲ’ ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ‘ಮತ್ತ ಇಲ್ಲಿಟ್ಟದ್ದು ಎಲ್ಲಿ ಹೋಗತೈತ್ರಿ? ಇಲ್ಲಿ ಇರೋರು ನಾವಿಬ್ಬರ’ ಎಂದುಬಿಟ್ಟೆ.

ವೈನಿ ನನ್ನ ಮುಖವನ್ನೇ ನೋಡಿದರು. ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಟೆಂಪೋ ಹತ್ತಿ, ಕಟ್ಟಿದ್ದ ಚೀಲಗಳನ್ನು ಒಂದೊಂದಾಗಿ ರಸ್ತೆಗೆ ಇಳಿಸಿ ಬಿಚ್ಚತೊಡಗಿದರು. ಪಾತ್ರೆ, ಡಬ್ಬಿ, ಗಂಡನ ಕತ್ತರಿ, ಅತ್ತೆಯ ಹಳೇ ಸೀರೆ, ಕೊನೆಗೆ ದೇವರ ಪೆಟ್ಟಿಗೆ. ಡ್ರೈವರ್ ಬೀಡಿ ಹಚ್ಚಿಕೊಂಡು ನಿಂತು ನೋಡಿದ. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ನಾನು ‘ಬ್ಯಾಡ್ರಿ ವೈನಿ’ ಎಂದೆ, ಆದರೆ ಮೆಲ್ಲಗೆ ಎಂದೆ. ನಿಮ್ಮೆದುರು ಸುಳ್ಳು ಹೇಳಿ ಏನು ಮಾಡಲಿ? ಸಿಕ್ಕೀತೇನೋ ನೋಡಬೇಕು ಎಂದು ನನ್ನೊಳಗೆ ಒಬ್ಬಳಿಗೆ ಅನಿಸುತ್ತಿತ್ತು.

ಸಿಗಲಿಲ್ಲ. ವೈನಿ ಎಲ್ಲವನ್ನೂ ಮತ್ತೆ ಕಟ್ಟಿದರು. ‘ಆತಲ್ಲ?’ ಎಂದು ಒಂದೇ ಮಾತು ಕೇಳಿ ಟೆಂಪೋ ಹತ್ತಿ ಹೋದರು.

ಇಪ್ಪತ್ತು ದಿನದ ಮೇಲೆ ಹೊಸ ಮನೆಯಲ್ಲಿ, ನೆಂಟರಿಗೆಂದು ಕಟ್ಟಿಟ್ಟಿದ್ದ ಹಾಸಿಗೆ ಗಂಟು ಬಿಚ್ಚಿದೆ. ಸುರುಳಿ ಸುತ್ತಿದ ಚಾಪೆಯೊಳಗಿಂದ ಚಾಕು ಬಿತ್ತು. ಮನೆ ಬಿಡುವ ಹಿಂದಿನ ದಿನ ಗಂಟು ಕಟ್ಟುವಾಗ ಹಗ್ಗ ಕೊಯ್ದು ನಾನೇ ಅಲ್ಲಿ ಇಟ್ಟಿದ್ದೆ.

ಆಗಲೇ ಫೋನ್ ಮಾಡಬೇಕಿತ್ತು. ಮಾಡಲು ಕೂತೆ ಕೂಡ. ನಂಬರಿನ ಒಂಬತ್ತು ಅಂಕಿ ಒತ್ತುವವರೆಗೂ ಧೈರ್ಯವಿರುತ್ತಿತ್ತು, ಹತ್ತನೆಯದಕ್ಕೆ ಬೆರಳು ಬರುತ್ತಿರಲಿಲ್ಲ. ದಸರೆ ಆಗಲಿ ಎಂದುಕೊಂಡೆ, ಸಂಕ್ರಾಂತಿ ಆಗಲಿ ಎಂದುಕೊಂಡೆ. ದಿನ ಹೋದಷ್ಟೂ ‘ಇಷ್ಟು ದಿನ ಯಾಕ ಹೇಳಲಿಲ್ಲ’ ಎಂಬ ಪ್ರಶ್ನೆ ಬೆಳೆಯಿತು. ಆ ಚಾಕುವಿನಿಂದ ಹೆಚ್ಚಲು ಹೋದರೆ ರಸ್ತೆಯ ಮೇಲಿನ ದೇವರ ಪೆಟ್ಟಿಗೆ ಕಣ್ಣಿಗೆ ಬರುತ್ತಿತ್ತು. ಹಳೇ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಹಿಂದಕ್ಕೆ ತಳ್ಳಿದೆ. ಮರುದಿನ ಹೋಗಿ ಆ ಗಿಳಿಹಸಿರು ಚಾಕು ತಂದೆ.

ರಾಮತೀರ್ಥ ನಗರದ ಮನೆಗೆ ಸುತ್ತಲೂ ಆಳೆತ್ತರದ ಕಂಪೌಂಡು. ನೆರೆಯವರು ಒಳ್ಳೆಯವರು, ಗೇಟಿನಲ್ಲಿ ನಿಂತು ಮಾತಾಡುತ್ತಾರೆ. ಆದರೆ ಸಂಜೆ ತರಕಾರಿ ಹಿಡಿದು ಕೂತರೆ ಅಡುಗೆ ಮನೆಯಲ್ಲಿ ನಾನೊಬ್ಬಳೇ. ಶಾಲೆಯಲ್ಲಿ ಏನಾದರೂ ತಮಾಷೆ ನಡೆದರೆ, ಇದನ್ನು ವೈನಿಗೆ ಹೇಳಬೇಕು ಎಂದು ಮನಸ್ಸಿನಲ್ಲಿ ಬಂದು, ಬಂದಷ್ಟೇ ಬೇಗ ಆರಿಹೋಗುತ್ತಿತ್ತು. ಅಂಗಡಿಗೆ ಹೋಗಿ ಹೊಸ ಚಾಕು ಕೈಗೆ ತೆಗೆದುಕೊಂಡಾಗಲೆಲ್ಲ ನನ್ನ ಅಂಗೈ ಇನ್ನೊಂದು ಹಿಡಿಕೆಯನ್ನು ಹುಡುಕುತ್ತಿತ್ತು. ಅಂಗಡಿಯವನಿಗೆ ಅದು ಹೇಗೆ ಗೊತ್ತಾಗಬೇಕು?

ಹೋದ ದೀಪಾವಳಿಗೆ ನಮ್ಮ ಮನೆಯವರು ಆಕಾಶಬುಟ್ಟಿ ಹುಡುಕಲು ಅಟ್ಟ ಹತ್ತಿದವರು ಟವೆಲ್ ಗಂಟು ಹಿಡಿದು ಇಳಿದರು.

‘ಇಂಥಾ ಭಾರಿ ಚಾಕು ಮನಿಯಾಗ ಇಟಗೊಂಡು ವರ್ಷಾ ವರ್ಷಾ ಒಂದು ತರತೀಯಲ್ಲ! ಬುದ್ಧಿ ಐತೇನ ನಿನಗ?’

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಪಾಪ, ಅವರು ಚಾಕುವಿನ ವಿಷಯಕ್ಕೆ ಇಷ್ಟು ಅಳಬೇಕೇ ಎಂದು ಗಾಬರಿಯಾದರು. ಎಲ್ಲ ಹೇಳಿದೆ. ಚಾಕುವನ್ನು ಮತ್ತೆ ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು, ‘ನಾಳೆ ಬಸ್ ಹತ್ತು’ ಎಂದರು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ವೈನಿಯ ಯಜಮಾನರು ಕೂತಿದ್ದರು. ಕನ್ನಡಕ ಎತ್ತಿ ನೋಡಿ, ‘ಒಳಗ ಹೋಗ್ರಿ ಬಾಯಾರ, ಹಿತ್ತಲದಾಗ ಅದಾಳ’ ಎಂದರು. ವೈನಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

‘ಬಾ, ಕುಂದರ’ ಎಂದರು. ಆಶ್ಚರ್ಯವಿಲ್ಲ, ನಗುವೂ ಇಲ್ಲ.

ಕುಶಲ ಕೇಳುವ ಧೈರ್ಯವಾಗಲಿಲ್ಲ. ಗಂಟನ್ನು ಅವರ ಮುಂದಿಟ್ಟೆ. ‘ವೈನಿ, ಇದು ನನ್ನ ಹತ್ರನ ಇತ್ತು. ನನ್ನ ಹಾಸಿಗಿ ಗಂಟಿನ್ಯಾಗ.’

‘ಯಾವಾಗ ಸಿಕ್ತು?’

‘ಮೊನ್ನೆ’ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ‘ಇಪ್ಪತ್ತು ದಿನಕ್ಕ ಸಿಕ್ತು ವೈನಿ. ನಾವು ಮನಿ ಬಿಟ್ಟ ಇಪ್ಪತ್ತು ದಿನಕ್ಕ.’

ವೈನಿ ಒಂದು ಕಲ್ಲು ಆರಿಸಿ ಬದಿಗೆ ಎಸೆದರು. ಇನ್ನೊಂದು ಆರಿಸಿದರು. ‘ನಮ್ಮ ಅತ್ತಿ ಸಾಯೂತನಕ ಕೇಳ್ತಿದ್ರು, ಆ ಚಾಕು ಸಿಕ್ತಂತೇನ ಅಂತ. ಅವರೇನ್ ನನ್ನ ಮ್ಯಾಲೆ ಸಂಶಯ ಮಾಡಿ ಕೇಳ್ತಿದ್ದಿಲ್ಲ, ಸುಮ್ಮ ಕೇಳ್ತಿದ್ರು. ನನಗ ಮಾತ್ರ ಪ್ರತಿ ಸಲ ಆ ಟೆಂಪೋ ಕಾಣತಿತ್ತು.’

‘ತಪ್ಪಾತು ವೈನಿ.’

‘ತಪ್ಪು ಆಗೂದು ಒಂದು ಗಳಿಗಿ, ಗಿರಿಜಾ. ಒಂಬತ್ತು ವರ್ಷ ಅದನ್ನ ಮುಚ್ಚಿಟ್ಟೀಯಲ್ಲ, ಅದು ಏನು?’

ಗಂಟನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ. ವೈನಿ ಮೊರ ಬದಿಗಿಟ್ಟು ಟವೆಲ್ ಬಿಚ್ಚಿದರು. ಅಲಗಿನ ಮೈತುಂಬ ತುಕ್ಕು.

‘ಅಯ್ಯೋ ದೇವಾ! ಇದನ್ನ ಏನ್ ಮಾಡಿಟ್ಟೀ ಇದು!’

ನನ್ನ ತಪ್ಪಿಗೆ ಏರದ ದನಿ ತುಕ್ಕಿಗೆ ಏರಿತು. ಆಮೇಲೆ ಬಂದದ್ದೆಲ್ಲ ಮರಾಠಿ. ಅಷ್ಟು ವೇಗದ ಮರಾಠಿ ನನಗೆ ಅರ್ಥವಾಗಲಿಲ್ಲ, ಅರ್ಥವಾಗದಿದ್ದುದು ಒಳ್ಳೆಯದೇ ಆಯಿತು. ಹುಣಸೆಹಣ್ಣು, ಬೂದಿ ತಂದು ತಿಕ್ಕಿದರು. ಕೆಂಪು ನೀರು ಹರಿಯಿತು, ಆಮೇಲೆ ಕರಿ ನೀರು. ಬಚ್ಚಲ ಕಲ್ಲಿಗೆ ನೀರು ಹನಿಸಿ ಮಸೆಯತೊಡಗಿದರು. ‘ಕೊಡ್ರಿ, ನಾ ಮಸೀತೀನಿ’ ಎಂದರೆ ‘ಸರಿ ಅತ್ತಾಗ’ ಎಂದರು. ಅರ್ಧ ಗಂಟೆ ಮಸೆದಿರಬೇಕು. ಅಷ್ಟು ಹೊತ್ತೂ ನಾನು ಖಾಲಿ ಕೈಯಲ್ಲಿ ಕೂತಿದ್ದೆ. ನನ್ನ ಹನ್ನೊಂದು, ಅಲ್ಲ, ಆಗ ಹತ್ತೇ ಆಗಿದ್ದವು, ಹತ್ತು ಚಾಕುಗಳ ಕತೆ ಶುರು ಮಾಡಿದೆ. ಚಪ್ಪಲಿ ಕೊಯ್ದ ಚಾಕುವಿಗೆ ಬರುವಷ್ಟರಲ್ಲಿ ವೈನಿಯ ಬೆನ್ನು ಅಲುಗಿತು. ನಕ್ಕರೋ, ಕಲ್ಲಿಗೆ ಭಾರ ಹಾಕಿದರೋ ಗೊತ್ತಾಗಲಿಲ್ಲ. ಮುಖ ತಿರುಗಿಸಲಿಲ್ಲ.

ಊಟಕ್ಕೆ ಅದೇ ಚಾಕುವಿನಿಂದ ಬದನೆಕಾಯಿ ಹೆಚ್ಚಿ ಪಲ್ಯ ಮಾಡಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಚಾಕುವನ್ನು ತಮ್ಮ ಅಡುಗೆ ಮನೆಯ ಗೂಡಿನಲ್ಲಿಟ್ಟು, ‘ಇದು ಇಲ್ಲೇ ಇರ್ಲಿ. ನಿನ್ನ ಮನಿಯಾಗ ಇದಕ್ಕ ಗಾಳಿ ಹತ್ತಂಗಿಲ್ಲ’ ಎಂದರು. ಇರಲಿ ಎಂದೆ. ಬಸ್ಸಿನಲ್ಲಿ ಕೂತಾಗ ಕೈ ಹಗುರಾಗಿತ್ತು. ಎದೆ ಮಾತ್ರ ನಾನು ಎಣಿಸಿದಷ್ಟು ಹಗುರಾಗಿರಲಿಲ್ಲ.

ಅಲ್ಲಿಂದ ಈಚೆಗೆ ನಾಲ್ಕು ಸಲ ಖಾನಾಪುರಕ್ಕೆ ಹೋಗಿ ಬಂದಿದ್ದೇನೆ. ಚಹಾ ಇರುತ್ತದೆ, ಊಟ ಇರುತ್ತದೆ. ಮಾತು ಇದೆ, ಆದರೆ ಮೊದಲಿನ ಮಾತು ಪೂರ್ತಿ ಬಂದಿಲ್ಲ. ನಡುನಡುವೆ ಇಬ್ಬರೂ ನೋಡಿಕೊಂಡು ಹೆಜ್ಜೆ ಇಡುತ್ತೇವೆ. ವೈನಿ ನಮ್ಮ ಮನೆಗೆ ಇನ್ನೂ ಬಂದಿಲ್ಲ. ಪ್ರತಿ ಸಲ ಕರೆಯುತ್ತೇನೆ. ಪ್ರತಿ ಸಲ ‘ಬರ್ತೀನ’ ಎನ್ನುತ್ತಾರೆ.

ಮೊನ್ನೆ ಕುಂಬಳಕಾಯಿ ಪ್ರಸಂಗ ಮುಗಿದ ಮೇಲೆ ಫೋನ್ ಮಾಡಿದೆ. ಈಗ ಹತ್ತೂ ಅಂಕಿ ಒತ್ತಲು ಬರುತ್ತದೆ.

‘ವೈನಿ, ಹೊಸಾ ಚಾಕೂನೂ ಮೊಂಡ ಆತ್ರಿ. ಒಮ್ಮೆ ಬಂದು ಮಸದು ಕೊಟ್ಟು ಹೋಗ್ರಿ.’

ಆ ಕಡೆ ಹೊಲಿಗೆ ಯಂತ್ರದ ಸಪ್ಪಳ ಕೇಳುತ್ತಿತ್ತು. ವೈನಿ ಅಂದರು: ‘ಬರ್ತೀನ. ಅಲ್ಲೀಮಟಾ ಮೆತ್ತಂದು ಏನರ ಹೆಚ್ಚು. ಸವತಿಕಾಯಿ ಹೆಚ್ಚು.’

ಹೀಗಾಗಿ ನಮ್ಮ ಮನೆಯಲ್ಲಿ ದಿನಾಲೂ ಸವತಿಕಾಯಿ. ನಿನ್ನೆ ನಮ್ಮ ಮನೆಯವರು ತಟ್ಟೆ ನೋಡಿ, ‘ಎಷ್ಟು ದಿನ ಇದು?’ ಎಂದು ಕೇಳಿದರು.

‘ವೈನಿ ಬರೂಮಟಾರಿ.’

‘ಯಾವಾಗ ಬರ್ತಾರಂತ?’

‘ಬರ್ತೀನಿ ಅಂದಾರ.’

ಅವರು ತಿನ್ನತೊಡಗಿದರು. ನಾನು ಇನ್ನೊಂದು ಹೆಚ್ಚಿದೆ. ಸವತಿಕಾಯಿ ದೊಡ್ಡ ಮನಸ್ಸಿನದು. ಎಂಥ ಚಾಕುವನ್ನೂ ಅದು ನಾಚಿಸಿ ಕಳಿಸುವುದಿಲ್ಲ.