ತಿಕ್ಕಬಾರದ ರೂಪಾಯಿ

ಮಸ್ಕಿಯ ಕಿರಾಣಿ ಅಂಗಡಿಯ ಹಂಪಣ್ಣನಿಗೆ ಬೆಳ್ಳಿ ರೂಪಾಯಿ ಕೂಡಿಡುವ ಹುಚ್ಚು. ನಾಣ್ಯ ಬಂದರೆ ಕೊಟ್ಟವರ ಮುಖ ನೋಡದೆ, ಅಂಚು ಹಿಡಿದು, ಉಸಿರೂ ತಾಗದಂತೆ ಬಿಸಿಲಿಗೆ ಒಡ್ಡುತ್ತಾನೆ. ಟಂಕಸಾಲೆಯ ಹೊಸ ಹೊಳಪು ಅವನಿಗೆ ಇಷ್ಟ. ಸಂದೂಕದಲ್ಲಿ ವರ್ಷಗಟ್ಟಲೆ ಕೂತು ನೇರಳೆಗೆ ತಿರುಗಿದ ಕಪ್ಪು ಇನ್ನೂ ಇಷ್ಟ. ಹುಣಸೆಹಣ್ಣಿನಿಂದ ತಿಕ್ಕಿ ಫಳಫಳಿಸಿದ್ದನ್ನು ತಂದರೆ ಮಾತ್ರ ಕಣ್ಣು ಮುಚ್ಚಿಕೊಂಡು, “ಮೈತೊಗಲಾ ಸುಲಿದು ತಂದೀರಲ್ಲರೀ” ಎಂದು ಮರುಗುತ್ತಾನೆ. ಅವನ ಸೊಂಟದ ಚಂಚಿಯಲ್ಲಿ ನಿಜಾಮರ ಕಾಲದ, ಈಗ ಚಲಾವಣೆಯಲ್ಲಿಲ್ಲದ ‘ಹಾಲಿ ಸಿಕ್ಕಾ’ ಎಂಬ ರೂಪಾಯಿ ಒಂದಿದೆ. ಸುತ್ತಲೂ ಕುಂಕುಮ ಮೆತ್ತಿದೆ, ನಡುವಿನ ಅಕ್ಷರಗಳು ಮಾತ್ರ ಸವೆದು ನುಣ್ಣಗಾಗಿವೆ. ಒಮ್ಮೆ ಅವನು ಅದನ್ನು ಹೊರತೆಗೆದಾಗ, “ಇದು ಯಾವ ಹೊಳಪು, ಹಂಪಣ್ಣಾರ?” ಎಂದು ನಾನು ಕೇಳಿದೆ. “ನಮ್ಮನಿಯಾಕಿ ಇದ್ದಾಗ ಶುಕ್ರವಾರಕ್ಕೊಮ್ಮೆ ಹಳೇ ಕುಂಕುಮ ಹೆಬ್ಬಟ್ಟಿಲೆ ಒರಸಿ ಹೊಸಾದು ಹಚ್ಚತಿದ್ಲರೀ” ಎಂದವನು, ಆ ನುಣುಪಿಗೆ ತನ್ನ ಹೆಬ್ಬೆರಳು ತಾಗದಂತೆ ಅದನ್ನು ಒಳಗಿಟ್ಟ.